ಅಂಗಾಲು ತೋರದ ಊರು

ಅನುಮಾನ ಪಡುವುದೇ ನನ್ನ ಉದ್ಯೋಗ. ತಮಾಷೆಗೆ ಹೇಳುತ್ತಿಲ್ಲ, ನೇಮಕಾತಿ ಪತ್ರದಲ್ಲೇ ‘ಶಂಕಾ ಪರಿಶೀಲಕಿ, ಜಿಲ್ಲಾ ಚರ್ಮ ಪರೀಕ್ಷಾ ಕೇಂದ್ರ’ ಎಂದು ಬರೆದಿದ್ದರು. ಚಿಕ್ಕಂದಿನಿಂದ ಇದೇ ಗುಣಕ್ಕೆ ಮನೆಯಲ್ಲಿ ಬೈಸಿಕೊಂಡವಳು ನಾನು. ಹಾಲಿಗೆ ನೀರು ಬೆರೆಸಿದ್ದಾರೆ, ಕಂಡಕ್ಟರ್ ಬೇಕೆಂದೇ ನಮ್ಮನ್ನು ಬಿಟ್ಟು ಬಸ್ಸು ಬಿಟ್ಟ, ಪಕ್ಕದ ಮನೆಯವರು ಹಬ್ಬವಿಲ್ಲದೆ ಹೋಳಿಗೆ ಯಾಕೆ ಕಳಿಸಿದರು, ಹೀಗೆ ಎಲ್ಲದರಲ್ಲೂ ಒಂದು ಕೊಕ್ಕೆ ಹುಡುಕುತ್ತಿದ್ದೆ. “ಈ ವಿಶಾಲಿ ತನ್ನ ನೆರಳನ್ನೂ ನಂಬೂದಿಲ್ಲ” ಎಂದು ನನ್ನನ್ನು ಸಾಕಿದ ಸೋದರತ್ತೆ ಬನವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಕಡೆಗೆ ಸರ್ಕಾರವೇ ಆ ಗುಣಕ್ಕೆ ಒಂದು ಕುರ್ಚಿ, ಒಂದು ಕಂಪ್ಯೂಟರ್ ಪರದೆ ಕೊಟ್ಟು ಕೂರಿಸಿತು.

ಕನ್ನಡಿ ಬಂದು ಆಗ ನಾಲ್ಕು ವರ್ಷವಾಗಿತ್ತು. ಅದಕ್ಕೆ ಮೊದಲು ನಮ್ಮ ಜಿಲ್ಲೆಯ ಇಪ್ಪತ್ತು ಲಕ್ಷ ಜನಕ್ಕೆ ಚರ್ಮದ ವೈದ್ಯರು ಮೂರೇ ಮಂದಿ. ಆಗ ಯಾರಿಗೋ ಒಂದು ಪ್ರಶ್ನೆ ಹೊಳೆಯಿತಂತೆ: ಪ್ರತಿಯೊಬ್ಬರ ಚರ್ಮವನ್ನೂ ತಿಂಗಳಿಗೊಮ್ಮೆ ತಲೆಯಿಂದ ಕಾಲಿನವರೆಗೆ ನೋಡುವ ಒಂದು ಯಂತ್ರವಿದ್ದರೆ? ಹಾಗೆ ಹುಟ್ಟಿದ್ದು ಕನ್ನಡಿ. ಆಳೆತ್ತರದ ಚೌಕಟ್ಟು, ಅದರಲ್ಲಿ ಆರು ಮಸೂರಗಳು. ಬಟ್ಟೆಯ ಪರದೆಯ ಮರೆಯಲ್ಲಿ ನಿಂತರೆ ಬೇರೆ ಬೇರೆ ಬಣ್ಣದ ಬೆಳಕು ಮೈಮೇಲೆ ಹರಿದು, ಚರ್ಮದ ಒಳಗೆ ಕೂದಲೆಳೆಯಷ್ಟು ಇಳಿದು, ಅಲ್ಲಿರುವ ಮಚ್ಚೆಗಳನ್ನೆಲ್ಲ ಬರೆದುಕೊಳ್ಳುತ್ತದೆ. ಆಮೇಲೆ ಪರದೆಯ ಹೊರಗೆ ಬಂದು ಸೊಂಟದೆತ್ತರದ ಗಾಜಿನ ಮೇಲೆ ಅಂಗೈಗಳನ್ನೂ ಕೆಳಗಿನ ಗಾಜಿನ ಮೇಲೆ ಅಂಗಾಲುಗಳನ್ನೂ ಇಡಬೇಕು.

ಮಚ್ಚೆಯ ಎರಡು ಅರ್ಧಗಳು ಒಂದಕ್ಕೊಂದು ಹೋಲುತ್ತವೆಯೇ, ಅಂಚು ನುಣುಪಾಗಿದೆಯೇ ಹರಿದಂತಿದೆಯೇ, ಬಣ್ಣ ಒಂದೇ ಇದೆಯೇ ಎರಡು ಮೂರಿದೆಯೇ ಎಂದು ಯಾವ ಒಳ್ಳೆಯ ವೈದ್ಯನೂ ನೋಡುತ್ತಾನೆ. ಕನ್ನಡಿಯ ನಿಜವಾದ ಬಲ ಬೇರೆಯೇ ಇತ್ತು. ಹೋದ ತಿಂಗಳ ಮಚ್ಚೆಯನ್ನು ಈ ತಿಂಗಳ ಮಚ್ಚೆಯ ಪಕ್ಕಕ್ಕಿಟ್ಟು, ಬೆಳೆದಿದೆಯೇ ಬದಲಾಗಿದೆಯೇ ಎಂದು ಅಳೆಯುತ್ತಿತ್ತು. ಏನೂ ಬದಲಾಗದಿದ್ದರೆ ಹಸಿರು ಚೀಟಿ, ಅನುಮಾನವಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ವೈದ್ಯರ ಹತ್ತಿರ ಪಾಳಿ ಸಿಗುವುದು ಹಳದಿ ಮತ್ತು ಕೆಂಪಿನವರಿಗೆ ಮಾತ್ರ. ಹಸಿರಿನವರು ಬಂದು ಸುಮ್ಮನೆ ಸಮಯ ಹಾಳು ಮಾಡಬಾರದೆಂದು ನಿಯಮವಿತ್ತು, ಮತ್ತು ಆ ನಿಯಮ ಎಲ್ಲರಿಗೂ ನ್ಯಾಯವಾಗಿಯೇ ಕಂಡಿತ್ತು.

ಯಂತ್ರ ಎಷ್ಟೆಂದರೂ ಯಂತ್ರ. ಅದಕ್ಕೇ ನಮ್ಮಂಥ ಹನ್ನೊಂದು ಜನರನ್ನು ಜಿಲ್ಲಾ ಕೇಂದ್ರದ ಒಂದು ತಣ್ಣನೆಯ ಕೋಣೆಯಲ್ಲಿ ಕೂರಿಸಿದ್ದರು. ಕನ್ನಡಿ ಹಸಿರು ಕೊಟ್ಟ ನೂರು ಚಿತ್ರಗಳಲ್ಲಿ ಒಂದು ನಮ್ಮ ಪರದೆಗೆ ಬರುತ್ತಿತ್ತು. ಇಡೀ ಚಿತ್ರವಲ್ಲ, ಅಂಚೆಚೀಟಿಯಷ್ಟು ಚರ್ಮದ ಚೌಕ. ಹೆಸರಿಲ್ಲ, ಊರಿಲ್ಲ, ಮೈಯ ಆಕಾರವೂ ಇಲ್ಲ. ಯಾರ ಮಾನಕ್ಕೂ ಕುಂದು ಬರಬಾರದಲ್ಲ. ಕೆಳಗೆ ‘ಬೆನ್ನು’, ‘ಎಡ ಮೊಣಕೈ’, ‘ಬಲ ಅಂಗಾಲು’ ಎಂದಷ್ಟೇ ಬರೆದಿರುತ್ತಿತ್ತು. ನೋಡಿ ‘ಸರಿ’ ಅಥವಾ ‘ಶಂಕೆ’ ಎಂಬ ಗುಂಡಿ ಒತ್ತಬೇಕು. ದಿನಕ್ಕೆ ಮುನ್ನೂರು ಚೌಕ ನೋಡಿ ಮನೆಗೆ ಹೋದರೆ ಗೋಡೆಯ ಸುಣ್ಣದ ಮೇಲೂ ಮಚ್ಚೆ ಕಾಣುತ್ತಿತ್ತು.

ಬನವ್ವತ್ತೆ ಇದ್ದದ್ದು ನಲವತ್ತು ಕಿಲೋಮೀಟರ್ ದೂರದ ಕೆಂಗುಡ್ಡದಲ್ಲಿ. ಊರಿಗೆ ಊರೇ ನೇಕಾರರದು. ಅರವತ್ತೊಂದು ವರ್ಷದ ಅತ್ತೆ ಇನ್ನೂ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದಳು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಯನ್ನು ಬರಿಗಾಲಲ್ಲಿ ತುಳಿಯುತ್ತ, ಮೇಲೆ ಲಾಳಿ ಓಡಿಸುವ ಕೆಲಸ ಅದು. ಹನ್ನೆರಡನೆಯ ವಯಸ್ಸಿಗೆ ಆ ಕುಣಿಗೆ ಇಳಿದವಳು ಮದುವೆಯನ್ನೂ ಮಾಡಿಕೊಳ್ಳದೆ, ತಾಯಿ ಸತ್ತ ನನ್ನನ್ನು ಅದೇ ಮಗ್ಗದ ಪಕ್ಕ ಮಲಗಿಸಿಕೊಂಡು ಬೆಳೆಸಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಬಚ್ಚಲ ಕಲ್ಲಿನ ಮೇಲೆ ಕೂತು ಹಿಮ್ಮಡ ಉಜ್ಜಿಕೊಳ್ಳುತ್ತಿದ್ದಳು. ನಾನು ನೀರು ಹಾಕಲು ಬಗ್ಗಿದೆ. ಬಲ ಹಿಮ್ಮಡದ ಅಡಿಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಕಲೆ ಕಂಡಿತು. ಒಂದು ಬದಿ ಕಡುಕಪ್ಪು, ಇನ್ನೊಂದು ಬದಿ ಕಂದು, ನಡುವೆ ಬೂದಿ ಬಣ್ಣ. ಅಂಚು ಒಂದು ಕಡೆ ಒಳಗೆ ಹೋಗಿದೆ, ಒಂದು ಕಡೆ ಹೊರಗೆ ಚಾಚಿದೆ. ನನ್ನ ಕೈಲಿದ್ದ ತಂಬಿಗೆ ವಾಲಿ ನೀರೆಲ್ಲ ನನ್ನ ಸೀರೆಯ ಮೇಲೇ ಹೋಯಿತು.

“ಅತ್ತಿ, ಇದೇನ ಹಿಮ್ಮಡಕ್ಕ?”

“ಬಣ್ಣಲೇ. ಕರೀ ನೂಲ ಅದ್ದೀ ಅದ್ದೀ ಹತ್ತೇತಿ. ಕುಣಿಯಾಗೆಲ್ಲಾ ಅದರದ ನೀರು.”

“ಎಷ್ಟ ದಿನ ಆತು?”

“ಹೋದ ಯುಗಾದಿ ಮುಂದ ಎಳ್ಳಿನಷ್ಟ ಇತ್ತು.”

“ಬಣ್ಣ ಬೆಳೀತೈತೇನ ಅತ್ತಿ?”

ಅವಳು ಉಜ್ಜುವುದನ್ನು ನಿಲ್ಲಿಸಿದಳು. ಆದರೆ ಸೋಲುವವಳಲ್ಲ. ಎದ್ದು ಒಳಗೆ ಹೋಗಿ, ದೇವರ ಫೋಟೋದ ಹಿಂದೆ ಸಿಗಿಸಿಟ್ಟಿದ್ದ ಚೀಟಿಗಳ ಕಟ್ಟು ತಂದು ನನ್ನ ಮುಂದೆ ಹಿಡಿದಳು. ಹೋದ ಯುಗಾದಿಯಿಂದೀಚೆಗೆ ಹನ್ನೊಂದು ತಿಂಗಳು, ಹನ್ನೊಂದು ಹಸಿರು. “ನಿಮ್ಮ ಕನ್ನಡೀನ ಹೇಳೈತಿ, ಏನೂ ಇಲ್ಲಂತ. ಅದಕ್ಕಿಂತಾ ನೀ ಶಾಣ್ಯಾಕಿ ಆದಿ?” ಎಂದಳು.

ಅದಕ್ಕಿಂತ ನಾನು ಜಾಣೆಯಲ್ಲ. ಆದರೆ ಅಂಥ ಕಲೆಯನ್ನು ಕನ್ನಡಿ ಹನ್ನೊಂದು ಸಲ ನೋಡಿಯೂ ಹಸಿರು ಕೊಟ್ಟಿದೆ ಎಂದರೆ, ಎಲ್ಲೋ ಯಾರೋ ಸುಳ್ಳು ಹೇಳುತ್ತಿದ್ದಾರೆ.

ಸೋಮವಾರ ಕಚೇರಿಗೆ ಹೋದವಳೇ ಅತ್ತೆಯ ಸಂಖ್ಯೆ ಹಾಕಿ ಕಡತ ತೆಗೆದೆ. ಹಾಗೆ ಮನೆಯವರದನ್ನು ನೋಡಬಾರದು, ನೋಡಿದೆ. ‘ಬಲ ಅಂಗಾಲು: ಬದಲಾವಣೆ ಇಲ್ಲ.’ ಆ ಹನ್ನೊಂದು ತಿಂಗಳ ಚೌಕಗಳು ಸಾಲಾಗಿ ಬಂದವು. ಸಣ್ಣ ಸಣ್ಣ ಗೆರೆಗಳಿರುವ, ತೊಳೆದಿಟ್ಟ ಹಾಗಿರುವ ಚರ್ಮ. ಕಲೆ ಹಾಗಿರಲಿ, ಒಂದು ಚುಕ್ಕಿಯೂ ಇಲ್ಲ. ನಿನ್ನೆ ನಾನೇ ಕಣ್ಣಾರೆ ಕಂಡ ಕಲೆಯನ್ನು ಯಾರು ಒರೆಸಿದರು?

ನನ್ನ ತಲೆ ಓಡತೊಡಗಿತು. ಕನ್ನಡಿ ಮಾಡಿದ ಕಂಪನಿಯ ಕೈವಾಡವೇ? ಹಳದಿ ಹೆಚ್ಚಾದರೆ ಆಸ್ಪತ್ರೆ ತುಂಬುತ್ತದೆ, ಆಸ್ಪತ್ರೆ ತುಂಬಿದರೆ ಸರ್ಕಾರಕ್ಕೆ ತಲೆನೋವು, ತಲೆನೋವು ಕೊಟ್ಟ ಕಂಪನಿಗೆ ಮುಂದಿನ ಗುತ್ತಿಗೆ ಇಲ್ಲ. ಅಥವಾ ಅತ್ತೆಯ ಚಿತ್ರ ಬೇರೆ ಯಾರದೋ ಜೊತೆ ಅದಲುಬದಲಾಗಿದೆಯೇ? ಹಾಗಿದ್ದರೆ ಇನ್ಯಾವಳೋ ನಿರೋಗಿ ಹೆಂಗಸು ಎಲ್ಲೋ ಕೆಂಪು ಚೀಟಿ ಹಿಡಿದು ಅಳುತ್ತಿರಬೇಕಲ್ಲ! ಚೌಕ ಕತ್ತರಿಸುವ ಮೊದಲಿನ ಪೂರ್ತಿ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಅದರ ಕೀಲಿ ಇರುವುದು ಕೇಂದ್ರದ ಮುಖ್ಯಸ್ಥ ಕಟಗೇರಿಯವರ ಹತ್ತಿರ ಮಾತ್ರ.

ಕಟಗೇರಿಯವರು ಮಿತಭಾಷಿ. ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಕನ್ನಡಕ ತೆಗೆದು ಒರೆಸುತ್ತಾರೆ. ಅಂದು ನನ್ನ ಮಾತು ಕೇಳಿ ಬಹಳ ಹೊತ್ತು ಒರೆಸಿ, “ನಾಳೆ ಹೇಳ್ತೀನ್ರಿ” ಎಂದರು. ಮಂಗಳವಾರ ನಾನು ಒಳಗೆ ಕಾಲಿಡುತ್ತಲೇ ಅವರು ತಮ್ಮ ಪರದೆಯನ್ನು ಆರಿಸಿದರು. ಅದನ್ನು ನಾನು ನೋಡಿದೆ.

“ವಿಶಾಲಾಕ್ಷಿಯವರ, ಮೊದಲ ನಿಮ್ಮ ಅತ್ತಿಯವರನ್ನ ಡಾಕ್ಟರಿಗೆ ತೋರಸ್ರಿ. ಚಿತ್ರದ ಮಾತು ಆಮ್ಯಾಲೆ ಆಡೋಣು.”

“ಹಸಿರ ಚೀಟಿ ಇದ್ದವರಿಗೆ ಪಾಳಿ ಎಲ್ಲೈತ್ರಿ ಸರ್? ನೀವು ಚಿತ್ರ ನೋಡೀರೋ ಇಲ್ಲೋ, ಅಷ್ಟ ಹೇಳ್ರಿ.”

ಅವರು ಮತ್ತೆ ಕನ್ನಡಕಕ್ಕೆ ಕೈ ಹಾಕಿದರು. ನೋಡಿದ್ದಾರೆ, ಮುಚ್ಚಿಡುತ್ತಿದ್ದಾರೆ! ಈ ಮನುಷ್ಯ ಕಂಪನಿಯವರ ಜೊತೆ ಶಾಮೀಲು ಎಂದು ಆ ಕ್ಷಣವೇ ತೀರ್ಮಾನಿಸಿದೆ. ನಾಲ್ಕು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದಕ್ಕೆ ನಾಚಿಕೆಯಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಅತ್ತೆಯನ್ನು ಮತ್ತೆ ಕನ್ನಡಿಯ ಮುಂದೆ ನಿಲ್ಲಿಸಿ, ನನ್ನ ಕಣ್ಣೆದುರಿಗೇ ಪಾದ ಇಡಿಸಬೇಕು. ಸುಳ್ಳು ಎಲ್ಲಿ ನುಸುಳುತ್ತದೆಂದು ಆಗ ಗೊತ್ತಾಗುತ್ತದೆ. ಕೆಂಗುಡ್ಡಕ್ಕೆ ಬುಧವಾರ ಬುಧವಾರ ಪರೀಕ್ಷೆ. ರಜೆ ಹಾಕಿ ಹೋಗಿ, ಅತ್ತೆಯನ್ನು ಕರೆದುಕೊಂಡು ಹೊರಟೆ.

ಕನ್ನಡಿ ಇಟ್ಟದ್ದು ನೇಕಾರರ ಸಮುದಾಯ ಭವನದಲ್ಲಿ. ಬಾಗಿಲಲ್ಲಿ ನಲವತ್ತು ಜೊತೆ ಚಪ್ಪಲಿ. ಒಳಗೆ ಹೋಗಿ ನೋಡುತ್ತೇನೆ, ಕನ್ನಡಿಯ ಚೌಕಟ್ಟಿಗೆ ಚೆಂಡು ಹೂವಿನ ಮಾಲೆ, ನೆತ್ತಿಯಲ್ಲಿ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಮಸೂರಗಳ ಮೇಲೆ ಮಾತ್ರ ಹಚ್ಚಿರಲಿಲ್ಲ, ಅಷ್ಟು ತಿಳುವಳಿಕೆ ಇತ್ತು. ಕನ್ನಡಿ ನೋಡಿಕೊಳ್ಳುವ ಗುರಪ್ಪ ಮಡಿಬಟ್ಟೆಯಂಥ ಬಿಳಿ ವಸ್ತ್ರದಲ್ಲಿ ಗಾಜು ಒರೆಸುತ್ತ ನಿಂತಿದ್ದ.

ಪರದೆಯಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಮೇಲಿನ ಗಾಜಿಗೆ ಎರಡೂ ಅಂಗೈ ಇಟ್ಟಳು. “ಈಗ ಬಲ ಪಾದ ಇಡಿ” ಎಂದಿತು ಕನ್ನಡಿ, ಆಕಾಶವಾಣಿಯ ಕನ್ನಡದಲ್ಲಿ. ಆಕೆ ಬಗ್ಗಿ ಕೆಳಗಿನ ಗಾಜಿನ ಮೇಲೆ ಬಲ ಅಂಗೈಯನ್ನೇ ಊರಿ, ಅದನ್ನು ಕಣ್ಣಿಗೊತ್ತಿಕೊಂಡಳು. “ಈಗ ಎಡ ಪಾದ ಇಡಿ.” ಎಡ ಅಂಗೈ ಊರಿ ಕಣ್ಣಿಗೊತ್ತಿಕೊಂಡಳು. ಕನ್ನಡಿ ಹಸಿರು ಚೀಟಿ ಕೊಟ್ಟಿತು. ಹಿಂದಿನವಳೂ ಹಾಗೆಯೇ ಮಾಡಿದಳು. ಅವಳ ಹಿಂದಿನ ಮುದುಕನೂ ಹಾಗೆಯೇ.

ನನಗೆ ಮೊದಲು ನಗು ಬಂತು. ಆಮೇಲೆ ಗುರಪ್ಪನ ಹತ್ತಿರ ಹೋದೆ.

“ಗುರಪ್ಪಣ್ಣ, ಇದೇನ ಮಾಡಾಕತ್ತಾರ ಮಂದಿ? ಕಾಲಿಡ್ರಿ ಅಂದ್ರ ಕೈ ಯಾಕ ಇಡ್ತಾರ?”

“ಅಲ್ಲವಾ, ಬಂದ ವರ್ಷಾನ, ಇನ್ನೂ ಶುರು ಆಗೂ ಮೊದಲ, ದಸರಾದಾಗ ಖಂಡೇಪೂಜಿ ಮಾಡೀವಿ ಅದಕ್ಕ. ಮಗ್ಗದ ಜೋಡಿ ಅದನ್ನೂ ಕುಂದ್ರಿಸಿ, ಕಾಯಿ ಒಡದು. ಪೂಜಿ ಆದಮ್ಯಾಲೆ ಅದರ ಮಾರೀಗೆ ಕಾಲ ಕೊಡಾಕ ಬರ್ತೈತೇನ? ಮಂದಿ ಮೊದಲ ಬರಾಕ ಒಲ್ಲೆ ಅಂದಿದ್ರು. ಆಮ್ಯಾಲೆ ಯಾರೋ ಒಬ್ರು ಅಂಗೈ ಇಟ್ಟು ನೋಡಿದ್ರು. ಹಸಿರ ಬಂತು. ಅದಕ್ಕ ನಡೀತೈತಿ ಅಂದಮ್ಯಾಲೆ ನಮಗೇನ?”

ಯಂತ್ರಕ್ಕೆ ಯಾಕೆ ನಡೆಯಿತೆಂದು ನನಗೆ ಅಲ್ಲೇ ಹೊಳೆಯಿತು. ಅಂಗೈ ಅಂಗಾಲುಗಳ ಚರ್ಮ ಒಂದೇ ಜಾತಿಯದು: ದಪ್ಪ, ಕೂದಲಿಲ್ಲ, ಮೇಲೆಲ್ಲ ಸಣ್ಣ ಗೆರೆ. ಕೆಳಗಿನ ಗಾಜಿನ ಮೇಲೆ ಅಂಥ ಚರ್ಮ ಬಂದರೆ ಅದು ಪಾದ ಎಂದು ಯಂತ್ರಕ್ಕೆ ಕಲಿಸಿದ್ದರು. ಮೇಲಿನ ಗಾಜಿನ ಚಿತ್ರದ ಜೊತೆ ಹೋಲಿಸಿ ನೋಡು ಎಂದು ಯಾರೂ ಕಲಿಸಿರಲಿಲ್ಲ. ಹೋದ ತಿಂಗಳೂ ಅಂಗೈ, ಈ ತಿಂಗಳೂ ಅಂಗೈ. ಬದಲಾವಣೆ ಎಲ್ಲಿಂದ ಬರಬೇಕು?

ಅತ್ತೆಯ ಸರದಿ ಬಂದಾಗ ನಾನು ಅಡ್ಡ ನಿಂತೆ. “ಅತ್ತಿ, ಇವತ್ತ ಕಾಲ ಇಡು.”

“ಬಿಡ ಬಿಡ. ನಾಕ ವರ್ಷ ಕೈಮುಗದ ಗಾಜಿಗೆ ಇವತ್ತ ಒದೀಲೇನ?”

“ಮಗ್ಗಕ್ಕೂ ಪೂಜಿ ಮಾಡ್ತಿ. ದಿನಾ ತುಳೀತಿ.”

“ಮಗ್ಗಕ್ಕ ಕಾಲ ಬೇಕಲೇ, ಕಾಲ ಇಲ್ದ ಅದು ನಡ್ಯಾಂಗಿಲ್ಲ. ಕಾಲಿಡೂ ಮುಂದ ಮುಟ್ಟಿ ನಮಸ್ಕಾರ ಮಾಡೇ ಇಡ್ತೀವಿ. ಇದಕ್ಕ ನನ್ನ ಕಾಲ ಯಾಕ ಬೇಕು? ಬಿಸಿಲಿನ ರೋಗ ನೋಡೂ ಯಂತ್ರ ಇದು. ನನ್ನ ಕಾಲು ಐವತ್ತ ವರ್ಷ ಕುಣಿಯಾಗ ನೆಳ್ಳಾಗ ಅದಾವು.”

ಗೋಡೆಯ ಮೇಲೆ ನಮ್ಮ ಇಲಾಖೆಯದೇ ದೊಡ್ಡ ಚಿತ್ರಪಟ ತೂಗುತ್ತಿತ್ತು. ಉರಿಬಿಸಿಲಲ್ಲಿ ಹೊಲ ಉಳುವ ರೈತ, ತಲೆಗೆ ಟವೆಲ್ ಸುತ್ತಿಕೊಳ್ಳಿ ಎಂಬ ಬುದ್ಧಿಮಾತು. ನನ್ನ ಇಲಾಖೆಗೆ ನಾನೇ ಮನಸ್ಸಿನಲ್ಲಿ ಬೈದುಕೊಂಡೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆಗೆ, ಅವಳ ಹಿಂದಿದ್ದವರಿಗೆಲ್ಲ ಹೇಳಿದೆ. ಬಿಳಿ ಚರ್ಮದವರಿಗೆ ಈ ಚರ್ಮದ ಕ್ಯಾನ್ಸರು ಬಿಸಿಲು ಬಿದ್ದ ಜಾಗದಲ್ಲಿ ಹೆಚ್ಚು. ನಮ್ಮ ಬಣ್ಣದವರಿಗೆ ಬಂದರೆ ಬಿಸಿಲು ಕಾಣದ ಜಾಗದಲ್ಲೇ ಹೆಚ್ಚು: ಅಂಗಾಲು, ಅಂಗೈ, ಉಗುರಿನಡಿ. ಬಣ್ಣ ಹತ್ತಿದೆ, ಆಣಿ ಆಗಿದೆ, ಮುಳ್ಳು ಮುರಿದಿದೆ ಎಂದು ನಾವು ಉಜ್ಜುತ್ತ ಕೂರುತ್ತೇವೆ. ನೋವಿರುವುದಿಲ್ಲ, ಆದ್ದರಿಂದ ಹೆದರಿಕೆಯೂ ಇರುವುದಿಲ್ಲ.

“ಇದನ್ನ ಯಾರೂ ನಮಗ ಹೇಳೇ ಇಲ್ಲಲ್ಲ” ಎಂದಳು ಅತ್ತೆ. ಕೆಳಗಿನ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಭುಜ ಹಿಡಿದು, ಬಲಗಾಲು ಎತ್ತಿಟ್ಟಳು.

ಕನ್ನಡಿ ಸ್ವಲ್ಪ ಹೊತ್ತು ಸುಮ್ಮನಿತ್ತು. “ಚಿತ್ರ ಹೊಂದುತ್ತಿಲ್ಲ. ದಯವಿಟ್ಟು ಪಾದ ಇಡಿ” ಎಂದಿತು.

ತೆಗೆದು ಮತ್ತೆ ಇಡಿಸಿದೆ. “ಚಿತ್ರ ಹೊಂದುತ್ತಿಲ್ಲ. ದಯವಿಟ್ಟು ಪಾದ ಇಡಿ.” ಮೂರನೆಯ ಸಲವೂ ಅದೇ. ನಾಲ್ಕು ವರ್ಷ ಅಂಗೈ ಕಂಡ ಆ ಯಂತ್ರಕ್ಕೆ ಬನವ್ವನ ಪಾದವೆಂದರೆ ಅವಳ ಅಂಗೈಯೇ ಆಗಿಬಿಟ್ಟಿತ್ತು. ನಿಜವಾದ ಪಾದವನ್ನು ಅದು ಬೇರೆ ಯಾರದೋ ಎಂದು ತಳ್ಳಿಹಾಕಿತು. ಮೂರು ಸಲ ಹೊಂದದಿದ್ದರೆ ಹಳೆಯ ಫಲಿತಾಂಶವನ್ನೇ ಉಳಿಸಬೇಕೆಂದು ಅದಕ್ಕೆ ಅಪ್ಪಣೆ. ಕಟಕಟ ಸದ್ದು ಮಾಡಿ ಹನ್ನೆರಡನೆಯ ಹಸಿರು ಚೀಟಿ ಹೊರಗೆ ಬಂತು.

“ನೋಡಿದ್ಯಾ? ನನ್ನ ಕಾಲ ಬ್ಯಾಡಂತ ಅದಕ್ಕ” ಎಂದಳು ಅತ್ತೆ. ನಗಲು ನೋಡಿದಳು, ಆಗಲಿಲ್ಲ. ಮೊದಲ ಬಾರಿ ಅವಳ ಮುಖದಲ್ಲಿ ಭಯ ಕಂಡೆ.

ಮಾರನೆಯ ದಿನ ಅವಳನ್ನು ಕರೆದುಕೊಂಡು ಜಿಲ್ಲೆಯ ಚರ್ಮ ಚಿಕಿತ್ಸಾಲಯಕ್ಕೆ ಹೋದೆ. ಹಸಿರು ಚೀಟಿ ನೋಡಿ ಬಾಗಿಲಿನವನು ಕೈ ಅಡ್ಡ ಹಿಡಿದ. ನಾನು ಸಿಟ್ಟಿನಿಂದ ಕಟಗೇರಿಯವರಿಗೆ ಫೋನು ಮಾಡಿ, ಅಲ್ಲೇ ಎಲ್ಲರ ಎದುರಿಗೆ ಬೈಯಲು ಬಾಯಿ ತೆರೆದೆ. ಅವರು ನನ್ನ ಮಾತು ನಡುವೆಯೇ ತಡೆದರು. “ಅವರ ಹೆಸರು ಮಂಗಳವಾರನ ನನ್ನ ಸಹೀದಾಗ ಹಚ್ಚೀನ್ರಿ. ಯಾವತ್ತ ಬಂದ್ರೂ ಬೆಳಿಗ್ಗೆ ಹನ್ನೊಂದರ ಪಾಳಿ. ಪಟ್ಟಿ ನೋಡ ಅನ್ರಿ ಅವಂಗ.” ಬಾಗಿಲಿನವನು ನೋಡಿದ, ಹೆಸರಿತ್ತು. ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ತಪ್ಪು ಮಾಡದವನು ಕೇಳದೆಯೇ ಇಷ್ಟು ಉಪಕಾರ ಯಾಕೆ ಮಾಡುತ್ತಾನೆ?

ಡಾಕ್ಟರ್ ಫರ್ಜಾನಾ ಬಾಗವಾನ ಸಣ್ಣ ದೀಪವಿದ್ದ ಭೂತಗನ್ನಡಿ ಹಿಡಿದು ಅತ್ತೆಯ ಹಿಮ್ಮಡವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳ ಸಂದಿ, ಉಗುರು, ಮೊಣಕಾಲ ಹಿಂದೆ, ತೊಡೆಯ ಸಂದಿನ ಗಂಟು. ಅದೇ ದಿನ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನಕ್ಕೆ ಫಲಿತಾಂಶ ಬಂತು. ಕ್ಯಾನ್ಸರ್ ಹೌದು, ಮೆಲನೋಮ. ಒಂದು ಮಿಲಿಮೀಟರಿಗೆ ತುಸು ಕಡಿಮೆ ಆಳ ಇಳಿದಿತ್ತು.

“ಅಮ್ಮಾ, ಈಗರ ಬಂದ್ರಿ, ಚಲೋ ಆತು. ಇನ್ನೊಂದ ಆರು ತಿಂಗಳು ಬಿಟ್ಟಿದ್ರ ನಾ ಹಿಂಗ ನಿಮ್ಮ ಕೂಡ ಮಾತಾಡತಿದ್ದಿಲ್ಲ” ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ಎಳ್ಳಿನಷ್ಟ ಇದ್ದಾಗ ಬಂದಿದ್ರ ಸಣ್ಣ ಕೊಯ್ತದಾಗ ಮುಗೀತಿತ್ತು. ಈಗ ಹಿಮ್ಮಡದ ಚರ್ಮ ಅಗಲಾಗಿ ತೆಗೀಬೇಕು. ನಡೀತಾರ, ಆದ್ರ ಆ ಕಾಲಿಲೆ ಮಗ್ಗ ತುಳ್ಯಾಕ ಆಗೂದಿಲ್ಲ.”

ಶಸ್ತ್ರಚಿಕಿತ್ಸೆ ಆಯಿತು. ಹಿಮ್ಮಡದ ಅಡಿಯನ್ನು ತೆಗೆದು ತೊಡೆಯ ಚರ್ಮ ಹಚ್ಚಿದರು. ತೊಡೆಸಂದಿಯ ಗಂಟಿಗೆ ರೋಗ ಹಬ್ಬಿರಲಿಲ್ಲ. ಆ ಮಾತು ಕೇಳಿದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರು ನೋಡುತ್ತಿದ್ದರೂ ಬಿಡದೆ, ಗಟ್ಟಿಯಾಗಿ ಅತ್ತುಬಿಟ್ಟೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಐದು ವರ್ಷ ಕಾಯಬೇಕು. ಆದರೆ ಬನವ್ವ ಬದುಕಿದ್ದಳು.

ಅಂಗೈಗಳ ಸುದ್ದಿಯನ್ನು ನಾನು ಬರೆದುಕೊಟ್ಟಿದ್ದೆ. ಕಟಗೇರಿಯವರು ಕೆಂಗುಡ್ಡದ ಆರುನೂರಾ ಹನ್ನೆರಡು ಜನರ ಪೂರ್ತಿ ಚಿತ್ರಗಳನ್ನು ತೆಗೆಸಿದ್ದರು. ನಾನೂರ ಮೂವತ್ತು ಜನರ ಪಾದಗಳಿಗೆ ಐದೈದು ಉದ್ದುದ್ದ ಬೆರಳಿದ್ದವು. ಕನ್ನಡಿಯ ನೆನಪಿನಿಂದ ಹಳೆಯ ಪಾದಗಳನ್ನೆಲ್ಲ ಅಳಿಸಿ, ಹೊಸದಾಗಿ ತೆಗೆದರು. ಮೂವರನ್ನು ಡಾಕ್ಟರು ಕರೆಸಿಕೊಂಡರು. ಇಬ್ಬರದು ನಿಜವಾಗಿಯೂ ನೂಲಿನ ಬಣ್ಣ. ಮೂರನೆಯವನು ಗುರಪ್ಪ, ಕಾಲಿನ ಹೆಬ್ಬೆರಳ ಉಗುರಿನಡಿಯಿಂದ ತುದಿಗೆ ಇಳಿದ ಕರಿ ಗೀಟು ಕಂಡಿತ್ತು. ಅವನದು ಸಕಾಲಕ್ಕೆ ಸಿಕ್ಕಿತ್ತು, ಉಗುರು ಹೋಯಿತು, ಬೆರಳು ಉಳಿಯಿತು.

ರಜೆ ಮುಗಿಸಿ ಕಚೇರಿಗೆ ಹೋದ ದಿನ ನಾನು ಕಟಗೇರಿಯವರ ಮುಂದೆ ನಿಂತು ನೇರವಾಗಿ ಕೇಳಿದೆ. “ಸರ್, ಅವತ್ತ ಚಿತ್ರ ನೋಡಿದ್ರಿ. ಅಂಗೈ ಅಂತ ಅವತ್ತ ಗೊತ್ತಾಗಿತ್ತು. ಯಾಕ ಮುಚ್ಚಿಟ್ರಿ? ಯಾರನ್ನ ಉಳಸಾಕ?”

ಅವರು ಕನ್ನಡಕ ಒರೆಸಲಿಲ್ಲ. ಸುಮ್ಮನೆ ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಅತ್ತೆಯ ಕಡತ. ಆ ಹನ್ನೊಂದರಲ್ಲಿ ಐದನೆಯ ತಿಂಗಳು, ಬಲ ಅಂಗಾಲು. ಆ ಚೌಕ ನೂರಕ್ಕೊಂದರ ಲೆಕ್ಕದಲ್ಲಿ ಮನುಷ್ಯರ ಕಣ್ಣಿಗೆ ಬಂದಿತ್ತು. ಪರಿಶೀಲಕರ ಸಂಖ್ಯೆ ಏಳು. ಫಲಿತಾಂಶ ‘ಸರಿ’. ನೋಡಿದ ಸಮಯ ಒಂದೂವರೆ ಸೆಕೆಂಡು. ಚೌಕದ ಒಂದು ಮೂಲೆಯಲ್ಲಿ, ಗಮನವಿಟ್ಟು ನೋಡಿದರೆ, ಅಂಗೈಯಲ್ಲಿ ಮಾತ್ರ ಇರುವ ಆಳವಾದ ಬಾಗು ಗೆರೆಯ ತುದಿ ಕಾಣುತ್ತಿತ್ತು.

ಏಳನೆಯ ಸಂಖ್ಯೆ ನಾನು.

“ನಿಮಗ ಇದನ್ನ ಆಗ ಹೇಳಿದ್ರ ನೀವು ಅಳಕೋತ ಕುಂದರತಿದ್ರಿ. ಮೊದಲ ಅವರನ್ನ ಡಾಕ್ಟರ ಹತ್ರ ಮುಟ್ಟಸೂದಿತ್ತು” ಎಂದರು ಕಟಗೇರಿಯವರು. ನಾನು ಶಾಮೀಲೆಂದು ತೀರ್ಮಾನಿಸಿದ್ದ ಮನುಷ್ಯ ಅವರು. ಕಂಪನಿಯನ್ನು ಅನುಮಾನಿಸಿದೆ, ಇವರನ್ನು ಅನುಮಾನಿಸಿದೆ, ಗಾಜನ್ನೂ ಬಿಡಲಿಲ್ಲ. ಅನುಮಾನ ಪಡಬೇಕಾಗಿದ್ದ ಒಂದೇ ಒಂದು ಚೌಕವನ್ನು ಮಾತ್ರ ಒಂದೂವರೆ ಸೆಕೆಂಡಿನಲ್ಲಿ ದಾಟಿಸಿಬಿಟ್ಟಿದ್ದೆ. ಆಗ ಕಂಡಿದ್ದರೆ ಅತ್ತೆ ಈಗಲೂ ಮಗ್ಗದಲ್ಲಿರುತ್ತಿದ್ದಳು.

ಆ ಭಾನುವಾರ ಕೆಂಗುಡ್ಡಕ್ಕೆ ಹೋದೆ. ಪಡಸಾಲೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಕಡೆ ಅತ್ತೆಗೆ ಹೊರಸು ಹಾಕಿದ್ದರು. ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿದ್ದನ್ನು ನೋಡುತ್ತ ಕೂತಿದ್ದಳು. ಮುಚ್ಚಿಡಬಾರದೆಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಏಳನೆಯ ಸಂಖ್ಯೆ, ಐದನೆಯ ತಿಂಗಳು, ‘ಸರಿ’ ಗುಂಡಿ.

ಅವಳು ದಿಂಬಿನ ಮೇಲಿನ ಕಾಲನ್ನು ಸರಿಮಾಡಿಕೊಂಡಳು.

“ಒಂದೂವರೆ ಸೆಕೆಂಡ ಅಂದ್ರ ಎಷ್ಟ?” ಎಂದು ಕೇಳಿದಳು.

ನಾನು ಎರಡು ಸಲ ಚಿಟಿಕೆ ಹೊಡೆದು ತೋರಿಸಿದೆ.

“ಅಷ್ಟರಾಗ ನಾ ಎರಡ ಸಲ ಲಾಳಿ ಹೊಡೀತಿದ್ದೆ. ಹೊಡದ್ರೂ ಎಳಿ ನೋಡತಿದ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಈ ಮಾತಿಗೆ ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳುವುದಕ್ಕೂ ಮುಖವಿಲ್ಲದೆ ತಲೆ ತಗ್ಗಿಸಿ ಕೂತೆ.

“ನಿಮ್ಮ ಕಚೇರಿಯಾಗೂ ಕನ್ನಡಿ ಐತಂತಲ್ಲ. ನೀ ಏನ ಇಡತಿದ್ದಿ ಅದಕ್ಕ?”

ನಾನು ಬೆಚ್ಚಿದೆ. ಇಷ್ಟು ದಿನದಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕಚೇರಿಯ ಕನ್ನಡಿಗೆ ಮಾಲೆ ಇಲ್ಲ, ಕುಂಕುಮ ಇಲ್ಲ. ಆದರೂ ಕೆಳಗಿನ ಗಾಜಿನ ಮುಂದೆ ಬಗ್ಗಿ ಅಂಗೈ ಊರುವುದು ನನಗೂ ಎಷ್ಟು ಸಹಜವಾಗಿತ್ತೆಂದರೆ, ಕೆಂಗುಡ್ಡದಲ್ಲಿ ಆ ಹೆಂಗಸನ್ನು ನೋಡಿ ನಗುವಾಗಲೂ ಅದು ನೆನಪಾಗಿರಲಿಲ್ಲ. ಇದೇ ಮಗ್ಗದ ಪಕ್ಕದಲ್ಲಿ ಬೆಳೆದವಳು ನಾನು.

“ಅಂಗೈ” ಎಂದೆ.

“ಕಾಲ ಚಾಚ.”

“ಅತ್ತಿ, ಬ್ಯಾಡ. ನೀ ದೊಡ್ಡಾಕಿ. ನನ್ನ ಕಾಲ ನೀ ಮುಟ್ಟಬಾರದು.” ನಾನು ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡೆ.

“ಚಾಚ ಅಂದೆ!”

ಅವಳೇ ಬಗ್ಗಿ ನನ್ನ ಬಲಗಾಲನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬೆಳಕಿಗೆ ತಿರುಗಿಸಿ ಹಿಮ್ಮಡ ನೋಡಿದಳು. ಐವತ್ತು ವರ್ಷ ಎಳೆ ಎಣಿಸಿದ ಬೆರಳುಗಳಿಂದ ಅಂಗಾಲಿನ ಮೇಲೆಲ್ಲ ಸವರಿದಳು. ಒಂದೊಂದೇ ಬೆರಳ ಸಂದಿ ಬಿಡಿಸಿ, ಒಂದೊಂದೇ ಉಗುರನ್ನು ಹತ್ತಿರ ಹಿಡಿದು ನೋಡತೊಡಗಿದಳು. ನನಗೆ ಮುಜುಗರವಾಗಿ, ಸಾಕು ಎಂದು ಕಾಲು ಹಿಂದಕ್ಕೆ ಎಳೆದೆ. ಅವಳು ಬಿಡಲಿಲ್ಲ.

“ಅಲಗ್ಯಾಡಬ್ಯಾಡ. ಇನ್ನೂ ನೋಡಾಕತ್ತೀನಿ.”